ನೀರು ನುಗ್ಗಿದ ಮೇಲೆ ಟೆಂಡರ್ ಯಾಕೆ?

ಬೆಂಗಳೂರಿನ ಹೊರಮಾವಿನ ಓದುಗರೊಬ್ಬರ ಪತ್ರ: "ಮನೆಯೊಳಗೆ ಮೊಣಕಾಲುದ್ದ ನೀರು. ಪಂಪ್ ಕಳಿಸಿ ಅಂದರೆ 'ಟೆಂಡರ್ ಆಗಿಲ್ಲ' ಅಂತಾರೆ. ಮಳೆಗಾಲ ಮುಗಿಯುವವರೆಗೆ ಟೆಂಡರ್ ನಿಯಮವನ್ನೇ ತೆಗೆದುಹಾಕಿದರೆ ಏನು ಗಂಟು ಹೋಗುತ್ತದೆ?"

ಸಂಪಾದಕರ ಉತ್ತರ:

ನಿಮ್ಮ ಸಿಟ್ಟು ಸರಿ. ಆದರೆ ನಿಮಗೆ ಸಿಕ್ಕ ಉತ್ತರ ಅರ್ಧ ಸತ್ಯ. ಮುಳುಗಿದ ಮನೆಯ ನೀರು ತೆಗೆಯಲು ಟೆಂಡರಿಗೆ ಕಾಯಬೇಕು ಅಂತ ಕಾನೂನು ಹೇಳುವುದಿಲ್ಲ. 2005ರ ವಿಪತ್ತು ನಿರ್ವಹಣಾ ಕಾಯ್ದೆಯ 50ನೇ ಸೆಕ್ಷನ್ ನೋಡಿ. ರಕ್ಷಣೆಗೋ ಪರಿಹಾರಕ್ಕೋ ತಕ್ಷಣ ಖರೀದಿ ಆಗಬೇಕು ಅಂತ ಜಿಲ್ಲಾ ಪ್ರಾಧಿಕಾರಕ್ಕೆ ಮನವರಿಕೆಯಾದರೆ, ಟೆಂಡರ್ ಇಲ್ಲದೆ ಕೊಳ್ಳಲು ಅದು ಇಲಾಖೆಗೆ ಅಪ್ಪಣೆ ಕೊಡಬಹುದು. ಸಾಮಾನು ಬಳಕೆಯಾಗಿದೆ ಅಂತ ಸಂಬಂಧಪಟ್ಟ ಅಧಿಕಾರಿ ಕೊಟ್ಟ ಪ್ರಮಾಣಪತ್ರವೇ ಲೆಕ್ಕಕ್ಕೆ ವೋಚರ್. ಸರ್ಕಾರಿ ಖರೀದಿಗೆ ಟೆಂಡರ್ ಕಡ್ಡಾಯ ಮಾಡುವ ನಮ್ಮ ರಾಜ್ಯದ 1999ರ ಕೆಟಿಪಿಪಿ ಕಾಯ್ದೆಯ 4(ಎ) ಕಲಮಿನಲ್ಲೂ ಸರ್ಕಾರ ಘೋಷಿಸಿದ ನೈಸರ್ಗಿಕ ವಿಕೋಪಕ್ಕೆ ವಿನಾಯಿತಿ ಇದೆ.

ಹಾಗಾದರೆ ತಡ ಯಾಕೆ? ಸಹಿ ಹಾಕುವ ಭಯ. ಕೋವಿಡ್ ಖರೀದಿಗಳನ್ನೇ ನೋಡಿ. ಅವಸರದಲ್ಲಿ ಕೊಂಡದ್ದರ ಲೆಕ್ಕ ನೋಡಲು 2023ರಲ್ಲಿ ನ್ಯಾಯಮೂರ್ತಿ ಮೈಕಲ್ ಡಿ'ಕುನ್ಹಾ ಆಯೋಗ ಬಂತು. ತನಿಖೆ ಬೇಕಿತ್ತು, ಅದರಲ್ಲಿ ಎರಡು ಮಾತಿಲ್ಲ. ಆದರೆ ದರ ಮೊದಲೇ ಗೊತ್ತುಮಾಡಿರದಿದ್ದರೆ, ಜಾಸ್ತಿ ಕೊಟ್ಟವನು ಕಳ್ಳನೋ, ಗತಿಯಿಲ್ಲದೆ ಕೊಟ್ಟವನೋ ಅಂತ ಆಮೇಲೆ ಹೇಳುವುದು ಕಷ್ಟ. ಪ್ರಾಮಾಣಿಕನೂ ಕೈಕಟ್ಟಿ ಕೂರುತ್ತಾನೆ. ಗುತ್ತಿಗೆದಾರನಿಗೂ ಬಿಲ್ ಯಾವಾಗ ಬರುತ್ತೋ ಅನ್ನುವ ಚಿಂತೆ.

ಆದರೂ ನಿಮ್ಮ ಸಲಹೆ ನನಗೆ ಒಪ್ಪಿಗೆಯಿಲ್ಲ. ತುರ್ತು ಅನ್ನುವುದಕ್ಕೆ ಬೇಲಿ ಇಲ್ಲದಿದ್ದರೆ ಪಂಪಿನ ಹಿಂದೆಯೇ ಕಾಂಕ್ರೀಟ್ ಗೋಡೆಯೂ ನುಗ್ಗುತ್ತದೆ. ಪಂಪ್, ಬೋಟ್, ಊಟ, ಬ್ಲೀಚಿಂಗ್ ಪುಡಿ ಇವತ್ತೇ ಬೇಕು. ಕುಸಿದ ರಾಜಕಾಲುವೆಗೆ ಇವತ್ತು ಮರಳು ಮೂಟೆ ಸಾಕು, ಗೋಡೆಗೆ ಟೆಂಡರ್ ಆಗಲಿ. ಹೂಳೆತ್ತುವುದಂತೂ ಇನ್ನೂ ನಾಜೂಕು. ಕೆಲಸಕ್ಕೆ ಮುಂಚೆ ಎಷ್ಟು ಆಳ ಹೂಳಿತ್ತು ಅಂತ ಅಳೆಯದೆ ಜೆಸಿಬಿ ಇಳಿಸಿದರೆ, ಕೆಲಸದ ಅಳತೆ ದಾಖಲಿಸುವ ಎಂ.ಬಿ. ಪುಸ್ತಕದಲ್ಲಿ ಬರೆದ ಅಂಕಿಯನ್ನು ಆಮೇಲೆ ಯಾರು ಪರೀಕ್ಷಿಸಬೇಕು? ದಡದ ಮೇಲೆ ಸುರಿದ ಹೂಳು ಮುಂದಿನ ಮಳೆಗೆ ಮತ್ತೆ ಕಾಲುವೆಗೇ ಇಳಿದಿರುತ್ತದೆ. ಅದೇ ಹೂಳಿಗೆ ಇನ್ನೊಂದು ಬಿಲ್!

ಅವಸರದ ಗುತ್ತಿಗೆ ಎಷ್ಟು ಕೆಡಬಹುದು ಅನ್ನುವುದಕ್ಕೆ ಅಮೆರಿಕದ ಕಥೆಯಿದೆ. 2017ರಲ್ಲಿ ಮರಿಯಾ ಚಂಡಮಾರುತ ಪೋರ್ಟೊರಿಕೊವನ್ನು ಹಾಳುಗೆಡವಿದಾಗ, ಒಬ್ಬರೇ ನಡೆಸುತ್ತಿದ್ದ ಕಂಪನಿಗೆ ಮೂರು ಕೋಟಿ ಊಟದ ಗುತ್ತಿಗೆ ಸಿಕ್ಕಿತು. ತಲುಪಿದ್ದು ಸುಮಾರು 50,000. ತಮಾಷೆ ಏನೆಂದರೆ, 2005ರ ಕತ್ರಿನಾ ಚಂಡಮಾರುತ ಪಾಠ ಕಲಿಸಿದ ಮೇಲೆ 2006ರಲ್ಲೇ ಅವರು ಕಾನೂನು ಮಾಡಿ, ವಿಪತ್ತಿಗೆ ಮುಂಚೆಯೇ ಗುತ್ತಿಗೆ ಕುದುರಿಸಿಡಬೇಕು ಅಂದಿದ್ದರು. ಕಾನೂನು ಇದ್ದರೆ ಸಾಲದು, ಗುತ್ತಿಗೆದಾರರ ಮತ್ತು ದರಗಳ ಪಟ್ಟಿ ತಯಾರಿರಬೇಕು, ಅಲ್ವಾ?

ನಮಗೂ ಆಗಬೇಕಾದದ್ದು ಅದೇ. 2022ರಲ್ಲಿ ಔಟರ್ ರಿಂಗ್ ರೋಡ್, 2024ರಲ್ಲಿ ಯಲಹಂಕದ ಕೇಂದ್ರೀಯ ವಿಹಾರ, 2025ರ ಮೇನಲ್ಲಿ ನಿಮ್ಮ ಪಕ್ಕದ ಸಾಯಿ ಲೇಔಟ್ ಮುಳುಗಿದವು. ಇಷ್ಟಾದ ಮೇಲೂ ಮಳೆ ನಮಗೆ ಅಚ್ಚರಿಯೇ? ಜನವರಿಯಲ್ಲೇ ಟೆಂಡರ್ ಕರೆಯಲಿ. ಪಂಪಿಗೆ ಗಂಟೆಗಿಷ್ಟು, ಟ್ರ್ಯಾಕ್ಟರಿಗೆ ದಿನಕ್ಕಿಷ್ಟು, ಫೋನ್ ಮಾಡಿದ ಮೇಲೆ ಎಷ್ಟು ಹೊತ್ತಿನೊಳಗೆ ಬರಬೇಕು, ಬರದಿದ್ದರೆ ದಂಡವೆಷ್ಟು, ಎಲ್ಲ ಆಗಲೇ ತೀರ್ಮಾನವಾಗಲಿ. ಪಂಪ್ ಓಡಿದ ಗಂಟೆಯ ಲಾಗ್ ಶೀಟಿಗೆ ಬೀದಿಯವರೊಬ್ಬರ ಸಹಿ ಇರಲಿ. ಬಿಲ್ ಪಾವತಿಗೂ ಗಡುವು ಬೇಕು, ಇಲ್ಲವಾದರೆ ಪಟ್ಟಿಯಲ್ಲಿ ಹೆಸರಿರುತ್ತದೆ, ಪಂಪ್ ಬರುವುದಿಲ್ಲ.

ಈಗ ಇನ್ನೊಂದು ತೊಡಕಿದೆ. 2025ರ ಸೆಪ್ಟೆಂಬರಿನಿಂದ ಗ್ರೇಟರ್ ಬೆಂಗಳೂರು ಪ್ರಾಧಿಕಾರದ ಕೆಳಗೆ ಐದು ಪಾಲಿಕೆಗಳು. ಒಂದೇ ಮಳೆಗೆ ಐವರೂ ಅದೇ ಪಂಪ್ ಮಾಲೀಕರ ಹತ್ತಿರ ಓಡಿದರೆ ದರ ಏರದೆ ಇರುತ್ತದೆಯೇ? ದರಪಟ್ಟಿ ಇಡೀ ನಗರಕ್ಕೆ ಒಂದೇ ಇರಬೇಕು. ವಿಪತ್ತು ಕಾಯ್ದೆಗೆ 2025ರಲ್ಲಿ ಆದ ತಿದ್ದುಪಡಿ ರಾಜಧಾನಿಗಳಿಗೆ ಪ್ರತ್ಯೇಕ ನಗರ ವಿಪತ್ತು ನಿರ್ವಹಣಾ ಪ್ರಾಧಿಕಾರ ರಚಿಸಲು ದಾರಿ ಮಾಡಿದೆ. ಆ ಪ್ರಾಧಿಕಾರ ಸುಮ್ನೆ ಸಭೆ ನಡೆಸುವ ಬದಲು ಈ ಪಟ್ಟಿ ಹಿಡಿದುಕೊಳ್ಳಲಿ.

ಮುಂದಿನ ಸಲ ಯಾರಾದರೂ 'ಟೆಂಡರ್ ಆಗಿಲ್ಲ' ಅಂದರೆ, 50ನೇ ಸೆಕ್ಷನ್ ಅಡಿ ಆದೇಶ ಆಗಿದೆಯಾ ಅಂತ ಬರವಣಿಗೆಯಲ್ಲೇ ಕೇಳಿ. ನಿಮ್ಮ ಪತ್ರದಲ್ಲಿ ಒಬ್ಬ ಗುತ್ತಿಗೆದಾರನ ಹೆಸರೂ ಇತ್ತು, ಅದನ್ನು ನಾವು ಅಚ್ಚು ಮಾಡಿಲ್ಲ. ಅವನ ಬಿಲ್ಲಿನ ಪ್ರತಿ ಸಿಕ್ಕರೆ ಕಳಿಸಿ, ನೋಡೋಣ.