ನೆರವಿನ ಹಣದಲ್ಲಿ ಯಾವ ಮಾತ್ರೆ ಕೊಳ್ಳಬೇಕೆಂದು ನಿರ್ಧರಿಸುವವರು ಯಾರು?

ಶ್ರೀಮಂತ ದೇಶಗಳು ಮಹಾಮಾರಿಗಳ ವಿರುದ್ಧ ಕೊಡುವ ನೆರವಿನ ಮೇಲೆ ಔಷಧ ಕಂಪನಿಗಳ ಪ್ರಭಾವ ನಿಜವಾಗಿಯೂ ಇದೆಯೇ, ಅಥವಾ ಅದು ಬರೀ ಆರೋಪವೇ ಎಂದು ಕೇಳಿದ್ದೀರಿ. ಇದೆ ಎಂದೇ ನನ್ನ ಉತ್ತರ. ಆದರೆ ಅದನ್ನು ಲಂಚದಲ್ಲಲ್ಲ, ಖರೀದಿಯ ಷರತ್ತಿನಲ್ಲಿ ಹುಡುಕಬೇಕು. ಬೆಂಗಳೂರಿನ ಜಿಗಣಿಯ ಔಷಧ ಕಾರ್ಖಾನೆಯೊಂದರ ಗುಣಮಟ್ಟ ವಿಭಾಗದಲ್ಲಿ ಹಲವು ವರ್ಷ ದಾಖಲೆಗಳನ್ನು ಸಿದ್ಧಪಡಿಸಿದ್ದರಿಂದ ಆ ಷರತ್ತುಗಳ ಭಾರ ನನಗೆ ಗೊತ್ತಿದೆ.

2003ರ ಜನವರಿಯಲ್ಲಿ ಅಧ್ಯಕ್ಷ ಜಾರ್ಜ್ ಬುಷ್ ಏಡ್ಸ್ ವಿರುದ್ಧ ಐದು ವರ್ಷಕ್ಕೆ 1,500 ಕೋಟಿ ಡಾಲರ್ ನೆರವು ಘೋಷಿಸಿದರು. ಪೆಪ್‌ಫಾರ್ ಎಂಬ ಈ ಯೋಜನೆಯ ಮೊದಲ ಮುಖ್ಯಸ್ಥರಾದವರು ಎಲಿ ಲಿಲಿ ಔಷಧ ಕಂಪನಿಯ ಮಾಜಿ ಮುಖ್ಯಸ್ಥ ರ್‍ಯಾಂಡಲ್ ಟೊಬಿಯಾಸ್. ಇದೊಂದರಿಂದಲೇ ಯಾರ ಮೇಲೂ ತಪ್ಪು ಹೊರಿಸಲಾಗದು, ನೋಡಬೇಕಾದದ್ದು ನಿಯಮವನ್ನು. ಅದಕ್ಕೂ ಮೊದಲೇ, 2001ರಲ್ಲಿ, ಪೇಟೆಂಟ್ ಔಷಧಗಳಿಗೆ ರೋಗಿಯೊಬ್ಬರಿಗೆ ವರ್ಷಕ್ಕೆ ಹತ್ತು ಸಾವಿರ ಡಾಲರ್‌ಗಿಂತ ಹೆಚ್ಚು ತಗಲುತ್ತಿದ್ದಾಗ, ಭಾರತದ ಸಿಪ್ಲಾ ಅದೇ ಚಿಕಿತ್ಸೆಯನ್ನು ಎಂಎಸ್‌ಎಫ್ ವೈದ್ಯರ ಸಂಸ್ಥೆಗೆ 350 ಡಾಲರ್‌ಗೆ ಕೊಡಲು ಮುಂದಾಗಿತ್ತು. ನಮ್ಮ 1970ರ ಕಾಯ್ದೆ ಔಷಧಕ್ಕೇ ಪೇಟೆಂಟ್ ಕೊಡುತ್ತಿರಲಿಲ್ಲವಾದ್ದರಿಂದ, ಬೇರೆಬೇರೆ ಕಂಪನಿಗಳ ಹಿಡಿತದಲ್ಲಿದ್ದ ಮೂರು ಔಷಧಗಳನ್ನು ಒಂದೇ ಮಾತ್ರೆಯಲ್ಲಿ ಸೇರಿಸುವುದೂ ಇಲ್ಲಿ ಸಾಧ್ಯವಾಯಿತು. ವಿಶ್ವ ಆರೋಗ್ಯ ಸಂಸ್ಥೆ ಅಂಥ ಮಾತ್ರೆಗಳನ್ನು ಪರೀಕ್ಷಿಸಿ ಪಟ್ಟಿಗೆ ಸೇರಿಸಿತ್ತು. ಆದರೂ ಪೆಪ್‌ಫಾರ್ ಆ ಪಟ್ಟಿಯನ್ನು ಒಪ್ಪದೆ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಯಾದ ಎಫ್‌ಡಿಎ ಅನುಮತಿಯನ್ನೇ ಕೇಳಿತು. ಪೇಟೆಂಟ್‌ನಿಂದಾಗಿ ಅಮೆರಿಕದಲ್ಲಿ ಮಾರುವಂತೆಯೇ ಇಲ್ಲದ ಮಾತ್ರೆಗೆ ಅಲ್ಲಿನ ಅನುಮತಿ ಯಾರು ಪಡೆದಿರುತ್ತಾರೆ? ಹೀಗಾಗಿ ಮೊದಮೊದಲು ನೆರವಿನ ಹಣ ಹೆಚ್ಚಾಗಿ ದುಬಾರಿ ಬ್ರ್ಯಾಂಡ್‌ಗಳಿಗೇ ಹೋಯಿತು.

ಗುಣಮಟ್ಟದ ಆತಂಕ ಸುಳ್ಳಾಗಿರಲಿಲ್ಲ ಎಂಬುದನ್ನೂ ಹೇಳಲೇಬೇಕು. ಪರೀಕ್ಷಾ ದಾಖಲೆಗಳ ದೋಷದಿಂದಾಗಿ 2004ರಲ್ಲಿ ಕೆಲವು ಭಾರತೀಯ ಮಾತ್ರೆಗಳನ್ನು ವಿಶ್ವ ಆರೋಗ್ಯ ಸಂಸ್ಥೆಯೇ ಪಟ್ಟಿಯಿಂದ ತೆಗೆಯಿತು. ನನ್ನ ವೃತ್ತಿಯವರಿಗೆ ಅದು ನೋವಿನ ಸಂಗತಿ. ಆದರೆ ತಪ್ಪನ್ನು ಹಿಡಿದದ್ದು ಅಮೆರಿಕ ನಂಬಲೊಲ್ಲದ ಆ ವ್ಯವಸ್ಥೆಯೇ ಅಲ್ಲವೇ? ಟೀಕೆ ಹೆಚ್ಚಿದ ಮೇಲೆ, ಅದೇ ವರ್ಷ, ಎಫ್‌ಡಿಎ ಜೆನೆರಿಕ್‌ಗಳಿಗೆ, ಅಂದರೆ ಮೂಲ ಬ್ರ್ಯಾಂಡ್‌ನ ಔಷಧವನ್ನೇ ಬೇರೆ ಕಂಪನಿಗಳು ಅಗ್ಗವಾಗಿ ತಯಾರಿಸುವ ಮಾತ್ರೆಗಳಿಗೆ, ತ್ವರಿತ ತಾತ್ಕಾಲಿಕ ಅನುಮತಿಯ ದಾರಿ ತೆರೆಯಿತು. ಕೆಲವೇ ವರ್ಷಗಳಲ್ಲಿ ಪೆಪ್‌ಫಾರ್ ಕೊಳ್ಳುವ ಏಡ್ಸ್ ಮಾತ್ರೆಗಳಲ್ಲಿ ಬಹುಪಾಲು ಜೆನೆರಿಕ್‌ಗಳೇ ಆದವು, ಅದರಲ್ಲೂ ಭಾರತದವು. ಮಾತ್ರೆ ಬದಲಾಗಿರಲಿಲ್ಲ, ನಿಯಮ ಬದಲಾಗಿತ್ತು. ಆ ನಡುವಿನ ಕಾಲದಲ್ಲಿ ಔಷಧ ಸಿಗದೆ ಹೋದವರನ್ನು ನೆನೆದರೆ ನನಗೆ ಇಂದಿಗೂ ಸಂಕಟವಾಗುತ್ತದೆ.

ಕೋವಿಡ್‌ನಲ್ಲೂ ಇದೇ ಎಳೆ ಕಾಣುತ್ತದೆ. 2020ರ ಅಕ್ಟೋಬರ್‌ನಲ್ಲಿ ಭಾರತ ಮತ್ತು ದಕ್ಷಿಣ ಆಫ್ರಿಕಾ ಪೇಟೆಂಟ್ ಸಡಿಲಿಕೆ ಕೇಳಿದವು. ಕಂಪನಿಗಳು ಬಲವಾಗಿ ವಿರೋಧಿಸಿದವು. 2022ರ ಜೂನ್‌ನಲ್ಲಿ ವಿಶ್ವ ವ್ಯಾಪಾರ ಸಂಸ್ಥೆ ಒಪ್ಪಿದ್ದು ಲಸಿಕೆಗೆ ಮಾತ್ರ ಅನ್ವಯಿಸುವ ಸೀಮಿತ ವಿನಾಯಿತಿಗೆ; ಔಷಧ ಮತ್ತು ಪರೀಕ್ಷಾ ಕಿಟ್‌ಗಳ ಮಾತನ್ನು ಮುಂದೂಡಲಾಯಿತು.