ಬಾಲ ಇದೆಯೇನೋ ಅಂತ ಅಜ್ಜಿ ಕೇಳಿದಾಗ

ನಿಮ್ಮ ಎಂಟು ವರ್ಷದ ಮಗನಿಗೆ ಧೂಮಕೇತು ನೋಡುವ ಆಸೆ. ಪುಸ್ತಕದ ಬಣ್ಣದ ಚಿತ್ರ ನೋಡಿ ಏನೇನೋ ಅಂದುಕೊಂಡಿದ್ದಾನೆ, ನಿಜವಾದದ್ದು ಮಸುಕಾಗಿರುತ್ತೆ ಅಂತ ಮೊದಲೇ ಹೇಳಿ ಅವನ ಆಸೆ ಇಳಿಸಲಾ ಅಂತ ಕೇಳಿದ್ದೀರಿ. ಇಳಿಸಬೇಡಿ. ಆ ಹುಡುಗ ನಾನೇ ಆಗಿದ್ದೆ.

1986ರ ಏಪ್ರಿಲ್. ನನಗೆ ಒಂಬತ್ತು ವರ್ಷ. ತಿಪಟೂರಿನ ಹತ್ತಿರದ ಹಳ್ಳಿ. ಹ್ಯಾಲಿ ಧೂಮಕೇತು ಬಂದಿದೆ ಅಂತ ಪೇಪರಿನಲ್ಲಿ ಬರುತ್ತಿತ್ತು. ಆದರೆ ನನಗೆ ಹುಚ್ಚು ಹಿಡಿಸಿದ್ದು ಪೇಪರಲ್ಲ, ಅಜ್ಜಿ. 76 ವರ್ಷದ ಹಿಂದೆ, 1910ರಲ್ಲಿ, ಅದೇ ಧೂಮಕೇತುವನ್ನು ಅವಳು ನೋಡಿದ್ದಳು. ಆಗ ಅವಳಿಗೆ ಎಂಟು ವರ್ಷ. 'ಬೆಳಗಿನ ಜಾವ ಮೂಡಲಲ್ಲಿ ಏಳೋದು. ಬಾಲ ನೆತ್ತಿಗೆ ಬರ್ತಿತ್ತು ಕಣೋ' ಅನ್ನುತ್ತಿದ್ದಳು. ನಾನು ನೋಟ್ಸಿನ ಎರಡು ಪುಟಕ್ಕೂ ಸೇರಿಸಿ ಚಿತ್ರ ಬರೆದೆ. ಕಿತ್ತಳೆ ಬಾಲ, ಅದರ ಬೆಳಕಲ್ಲಿ ನಮ್ಮ ತೆಂಗಿನ ತೋಟ, ತೋಟದಲ್ಲಿ ನಾನು ಮತ್ತು ಅಜ್ಜಿ.

ಅಮಾವಾಸ್ಯೆ ಕಳೆದು ಒಂದೆರಡು ದಿನ ಆಗಿತ್ತು. ನಡುರಾತ್ರಿ ಅಪ್ಪ ಎಬ್ಬಿಸಿದರು. ಜಗಲಿಯ ಬಲ್ಬು ಉರಿಯುತ್ತಿತ್ತು. ಅದರ ಕೆಳಗಿಂದಲೇ ಅಂಗಳಕ್ಕೆ ಬಂದು ದಕ್ಷಿಣಕ್ಕೆ ನೋಡಿದೆ. ಏನೂ ಕಾಣಲಿಲ್ಲ. ಅಪ್ಪ ಕೈ ಹಿಡಿದು ತೋರಿಸಿದರು. ತೆಂಗಿನ ಗರಿಗಳ ಮೇಲೆ ಒಂದು ಮಬ್ಬು. ಸ್ಲೇಟನ್ನು ಎಂಜಲು ಬೆರಳಲ್ಲಿ ಒರೆಸಿದರೆ ಒಣಗಿದ ಮೇಲೆ ಒಂದು ಬಿಳಿ ಕಲೆ ಉಳಿಯುತ್ತಲ್ಲ, ಅಷ್ಟೇ.

ಅಜ್ಜಿಯೂ ಎದ್ದು ಬಂದಿದ್ದಳು. ಎರಡೂ ಕಣ್ಣಿಗೆ ಪೊರೆ ಬಂದಿತ್ತು, ಅವಳಿಗೆ ದೀಪವೇ ಸರಿಯಾಗಿ ಕಾಣುತ್ತಿರಲಿಲ್ಲ. ಗೋಡೆ ಹಿಡಿದು ನಿಂತು ಮುಖ ಮೇಲೆತ್ತಿ ಕೇಳಿದಳು. 'ಬಾಲ ಇದೆಯೇನೋ?'

'ಏನೂ ಇಲ್ಲ ಹೋಗಜ್ಜಿ' ಅಂದೆ.

ನಾನು ಮಾಡಿದ ತಪ್ಪು ಅದು. ನಲವತ್ತು ವರ್ಷದಿಂದ ಅದನ್ನೇ ಬಿಡಿಸಿ ಬಿಡಿಸಿ ನೋಡುತ್ತಿದ್ದೇನೆ. ಬೇಜಾರಾಗಿದ್ದು ತಪ್ಪಲ್ಲ. ಒಂಬತ್ತು ವರ್ಷದವನಿಗೆ ಬೇಜಾರಾಗಲೇಬೇಕು. ಸರಿಯಾಗಿ ನೋಡದೆ 'ಇಲ್ಲ' ಅಂದದ್ದು ತಪ್ಪು. ಬಲ್ಬಿನ ಬೆಳಕು ಕಣ್ಣಲ್ಲೇ ಇತ್ತು, ಒಂದು ನಿಮಿಷವೂ ನಿಲ್ಲಲಿಲ್ಲ. ಹಾಗಿದ್ದೂ ಸಣ್ಣದಾಗಿ ಒಂದು ಬಾಲ ಇತ್ತು. ನನಗೆ ಕಂಡಿತ್ತು. ಆದರೂ ಇಲ್ಲ ಅಂದೆ, ಯಾಕೆಂದರೆ ಅಜ್ಜಿ ಇಷ್ಟು ದಿನ ಸುಳ್ಳು ಹೇಳಿದ್ದಾಳೆ ಅಂತ ಆ ಕ್ಷಣಕ್ಕೆ ತೀರ್ಮಾನ ಮಾಡಿಬಿಟ್ಟಿದ್ದೆ. ಅವಳು 'ಹೌದಾ' ಅಂದಳು. ಇನ್ನೇನೂ ಕೇಳದೆ ಒಳಗೆ ಹೋದಳು. ಮುಂದಿನ ಮಳೆಗಾಲ ಅವಳು ನೋಡಲಿಲ್ಲ.

ಅಜ್ಜಿ ಸುಳ್ಳು ಹೇಳಿರಲಿಲ್ಲ. ಕಾಲೇಜಿಗೆ ಬಂದ ಮೇಲೆ ಓದಿ ತಿಳಿದೆ. 1910ರಲ್ಲಿ ಹ್ಯಾಲಿ ಭೂಮಿಯಿಂದ ಸುಮಾರು 2.3 ಕೋಟಿ ಕಿಲೋಮೀಟರ್ ದೂರದಲ್ಲಿ ಹಾದುಹೋಗಿತ್ತು. ಬಾಲ ನಿಜವಾಗಲೂ ಅರ್ಧ ಆಕಾಶಕ್ಕೆ ಚಾಚಿತ್ತು. 1986ರಲ್ಲಿ ಅದು ಬಂದ ಹತ್ತಿರವೆಂದರೆ 6.3 ಕೋಟಿ ಕಿಲೋಮೀಟರ್. ಅದಕ್ಕೂ ಮೊದಲು ಫೆಬ್ರವರಿಯಲ್ಲಿ, ಅದು ಸೂರ್ಯನಿಗೆ ಅತಿ ಹತ್ತಿರವಿದ್ದಾಗ, ನಾವು ಸೂರ್ಯನ ಈ ಕಡೆ, ಅದು ಆ ಕಡೆ. ಧೂಮಕೇತು ಅದೇ, ನಾವು ನಿಂತ ಜಾಗ ಬೇರೆ. ಇದನ್ನು ಯಾರಾದರೂ ಅವತ್ತು ಅಂಗಳದಲ್ಲೇ ಹೇಳಿದ್ದರೆ ನಾನು ಅಜ್ಜಿಗೆ ಹಾಗೆ ಅನ್ನುತ್ತಿರಲಿಲ್ಲ. 1997ರಲ್ಲಿ ಹೇಲ್-ಬಾಪ್ ಅನ್ನೋ ಇನ್ನೊಂದು ಧೂಮಕೇತು ಬಂತು. ಸಂಜೆ ವಾಯವ್ಯದಲ್ಲಿ, ಊರ ದೀಪಗಳ ನಡುವೆಯೂ ಬಾಲ ಚೆನ್ನಾಗಿ ಕಾಣುತ್ತಿತ್ತು. ಹೋಗಿ ಹೇಳೋಣ ಅಂದರೆ ಅಜ್ಜಿ ಇರಲಿಲ್ಲ.

ಅದಕ್ಕೇ ಹೇಳುತ್ತಿದ್ದೇನೆ, ನಿಮ್ಮ ಪ್ರಶ್ನೆಯೇ ಸರಿಯಿಲ್ಲ. ಮಗನ ಆಸೆ ಜಾಸ್ತಿಯಾಯಿತು ಅಂತ ಹೆದರಬೇಡಿ. ಚಿತ್ರ ಬರೆಯಲಿ, ಎರಡು ಪುಟಕ್ಕೂ ಸೇರಿಸಿ ಬರೆಯಲಿ. ಎಲ್ಲೋ ಹಳ್ಳಿ ಕಡೆ ಕರೆದುಕೊಂಡು ಹೋಗಿ. ಮೊಬೈಲು, ಟಾರ್ಚು ಆರಿಸಿ ಇಪ್ಪತ್ತು ನಿಮಿಷವಾದರೂ ಕತ್ತಲಲ್ಲಿ ಕೂರಿಸಿ. ಕಣ್ಣು ಹೊಂದಿಕೊಳ್ಳೋಕೆ ಅಷ್ಟು ಹೊತ್ತು ಬೇಕೇ ಬೇಕು. ನೇರವಾಗಿ ನೋಡಿದರೆ ಕಾಣದ ಮಬ್ಬು, ಪಕ್ಕಕ್ಕೆ ನೋಡಿದರೆ ಕಾಣುತ್ತೆ. ಅದನ್ನೂ ಹೇಳಿಕೊಡಿ. 'ಇಷ್ಟೇನಾ?' ಅಂತ ಅತ್ತರೆ ಅಳಲಿ. ದಯವಿಟ್ಟು ಐಸ್‌ಕ್ರೀಮ್ ಕೊಡಿಸಿ ಸಮಾಧಾನ ಮಾಡಬೇಡಿ.

ಊರಲ್ಲಿರುವ ನಿಮ್ಮ ಅಮ್ಮನಿಗೆ ಈಗ ಕಣ್ಣು ಅಷ್ಟಾಗಿ ಕಾಣುವುದಿಲ್ಲ ಅಂತಲೂ ಬರೆದಿದ್ದೀರಿ, ಅಲ್ವಾ? ಧೂಮಕೇತು ನೋಡಿದ ಜಾಗದಿಂದಲೇ ಅವರಿಗೆ ಫೋನ್ ಮಾಡಿ ಮಗನ ಕೈಗೆ ಕೊಡಿ. ಎಷ್ಟು ಉದ್ದ ಇದೆ, ಯಾವ ಕಡೆಗೆ ಬಾಗಿದೆ, ಪಕ್ಕದಲ್ಲಿ ಯಾವ ನಕ್ಷತ್ರ ಇದೆ, ಕಂಡದ್ದನ್ನೆಲ್ಲ ಅವನೇ ಹೇಳಲಿ. ಅವರು ಮಲಗಿದ್ದರೂ ಪರವಾಗಿಲ್ಲ, ಎಬ್ಬಿಸಿ.