ಒಂದು ದಿನಕ್ಕೆ ಐದು ಕಾಲೇಜು ತೋರಿಸಬೇಡಿ

ನವೆಂಬರ್ ಬಂತೆಂದರೆ ನನಗೆ ಒಂದೇ ಥರದ ಪತ್ರಗಳು. ಹೈಸ್ಕೂಲ್ ಮಕ್ಕಳಿಗೆ ಕಾಲೇಜು ತೋರಿಸಲು ಹೊರಟಿದ್ದೇವೆ, ಹೇಗೆ ಪ್ಲಾನ್ ಮಾಡೋದು ಎಂದು ಕೇಳುತ್ತಾರೆ. ಹೇಳುತ್ತೇನೆ. ಮುಂದಿನ ವರ್ಷ ಅದೇ ಪ್ರಶ್ನೆ ಮತ್ತೆ ಬರುತ್ತದೆ. ಅದಕ್ಕೇ ಈ ಸಲ ಒಂದು ಪತ್ರಕ್ಕೆ ಪೂರ್ತಿ ಉತ್ತರ, ಉಳಿದವಕ್ಕೆ ಚುಟುಕು. ಇಲಾಖೆ ಅನುಮತಿ, ಪೋಷಕರ ಒಪ್ಪಿಗೆ, ಫಸ್ಟ್ ಏಡ್ ಡಬ್ಬ ಇವೆಲ್ಲ ಶಿಕ್ಷಕರಿಗೆ ಗೊತ್ತೇ ಇದೆ, ಬರೆಯುವುದಿಲ್ಲ.

ಪ್ರಶ್ನೆ: ಶಿರಾ ಕಡೆಯ ಸರ್ಕಾರಿ ಪ್ರೌಢಶಾಲೆಯ ಮೇಷ್ಟ್ರು ನಾನು. ಒಂಬತ್ತು, ಹತ್ತನೇ ತರಗತಿಯ 60 ಮಕ್ಕಳನ್ನು ಒಂದು ದಿನ ಬೆಂಗಳೂರಿಗೆ ಕರೆದೊಯ್ಯಬೇಕು. ಟಾಟಾ ಇನ್‌ಸ್ಟಿಟ್ಯೂಟ್ (ಭಾರತೀಯ ವಿಜ್ಞಾನ ಸಂಸ್ಥೆ), ಕೃಷಿ ವಿಶ್ವವಿದ್ಯಾಲಯದ ಜಿಕೆವಿಕೆ, ನಾಗರಭಾವಿಯ ಲಾ ಸ್ಕೂಲ್, ಒಂದು ಮೆಡಿಕಲ್, ಒಂದು ಎಂಜಿನಿಯರಿಂಗ್ ಕಾಲೇಜು, ಸಂಜೆ ಲಾಲ್‌ಬಾಗ್. ಯಾವುದನ್ನು ಮೊದಲು ನೋಡಿದರೆ ಎಲ್ಲ ಮುಗಿಯುತ್ತದೆ?

ಯಾವುದನ್ನು ಮೊದಲು ನೋಡಿದರೂ ಮುಗಿಯುವುದಿಲ್ಲ ಮೇಷ್ಟ್ರೇ. ಜಿಕೆವಿಕೆ ಇರುವುದು ಹೆಬ್ಬಾಳದ ಆಚೆ, ಲಾ ಸ್ಕೂಲ್ ಊರಿನ ಇನ್ನೊಂದು ಮೂಲೆ. ಮಕ್ಕಳು ನೋಡುವುದು ಟ್ರಾಫಿಕ್ ಮತ್ತು ಐದು ಗೇಟುಗಳನ್ನು ಮಾತ್ರ. ಗೇಟಿನ ಮುಂದೆ ಗ್ರೂಪ್ ಫೋಟೊ, ಆಡಿಟೋರಿಯಂನಲ್ಲಿ ಪ್ರಿನ್ಸಿಪಾಲರ ಭಾಷಣ, ಒಂದು ಬಾಳೆಹಣ್ಣು, ಮತ್ತೆ ಬಸ್ಸು. ಇದಕ್ಕೆ ಬಡವರ ಮನೆಯಿಂದ ದುಡ್ಡು ಕೇಳುವುದು ತಪ್ಪು.

ಎರಡೇ ಜಾಗ ಆರಿಸಿ. ಹತ್ತನೇ ಕ್ಲಾಸಿನ ಮಗು ಮುಂದಿನ ಜೂನ್‌ನಲ್ಲಿ ಲಾ ಸ್ಕೂಲಿಗೆ ಹೋಗುವುದಿಲ್ಲ. ಅದರ ಮುಂದಿರುವುದು ಪಿಯುಸಿ, ಡಿಪ್ಲೊಮಾ, ಐಟಿಐ. ಪಿಯು ಕಾಲೇಜು ನಿಮ್ಮ ಊರಲ್ಲೇ ಇದೆ. ಡಿಪ್ಲೊಮಾ ಅಂದರೆ ಏನು ಅಂತ ಎಷ್ಟು ಮಕ್ಕಳಿಗೆ ಗೊತ್ತು? ಅದಕ್ಕೇ ನನ್ನ ಪಟ್ಟಿಯಲ್ಲಿ ಮೊದಲು ರಾಜಾಜಿನಗರದ ಜಿಟಿಟಿಸಿ, ಅಂದರೆ ಸರ್ಕಾರಿ ಟೂಲ್ ರೂಂ ಮತ್ತು ತರಬೇತಿ ಕೇಂದ್ರ. ಡೆನ್ಮಾರ್ಕ್ ಸರ್ಕಾರದ ನೆರವಿನಿಂದ 1972ರಲ್ಲಿ ಶುರುವಾದ ಸರ್ಕಾರಿ ಸಂಸ್ಥೆ ಇದು. ಎಸ್ಸೆಸ್ಸೆಲ್ಸಿ ಮುಗಿಸಿದವರು ಇಲ್ಲಿ ಟೂಲ್ ಅಂಡ್ ಡೈ ಮೇಕಿಂಗ್ (ಕಾರ್ಖಾನೆಗೆ ಬೇಕಾದ ಉಪಕರಣ, ಅಚ್ಚು ಮಾಡುವ ಕೆಲಸ) ಡಿಪ್ಲೊಮಾ ಓದಬಹುದು. ಮೂರು ವರ್ಷ ಓದು, ಮೇಲೊಂದು ವರ್ಷ ಕಾರ್ಖಾನೆಯಲ್ಲಿ ತರಬೇತಿ. ಆಮೇಲೆ ಬಿಇ ಮಾಡಬೇಕೆಂದರೆ ಡಿಪ್ಲೊಮಾ ಮುಗಿಸಿದವರ ಪ್ರವೇಶ ಪರೀಕ್ಷೆ ಡಿಸಿಇಟಿ ಬರೆದು ನೇರ ಎರಡನೇ ವರ್ಷಕ್ಕೆ ಸೇರುವ ದಾರಿಯೂ ಇದೆ. ಡಿಪ್ಲೊಮಾ ದಡ್ಡರಿಗೆ ಅನ್ನುವವರ ಮಾತನ್ನು ದಯವಿಟ್ಟು ಮಕ್ಕಳ ಕಿವಿಗೆ ಬೀಳಲು ಬಿಡಬೇಡಿ.

ಇಂಥ ಒಂದು ವರ್ಕ್‌ಶಾಪಿನಲ್ಲಿ ನಾನು ಕಂಡದ್ದು ಹೇಳುತ್ತೇನೆ. ಇನ್‌ಸ್ಟ್ರಕ್ಟರ್ ಒಬ್ಬರು ಹುಡುಗಿಯೊಬ್ಬಳ ಕೈಗೆ ಮೈಕ್ರೋಮೀಟರ್ ಕೊಟ್ಟು, ನಿನ್ನದೇ ಒಂದು ಕೂದಲು ಅಳೆಯಮ್ಮ ಅಂದರು. 0.07 ಮಿಲಿಮೀಟರ್ ಬಂತು. ‘ಇಲ್ಲಿ ಮಾಡುವ ಅಚ್ಚಿನಲ್ಲಿ ಇಷ್ಟು ವ್ಯತ್ಯಾಸ ಬಂದರೂ ನಾವು ಬಿಸಾಕ್ತೀವಿ’ ಅಂದರು. ಅಲ್ಲಿಂದ ಮುಂದೆ ಆ ಹುಡುಗಿ ಗುಂಪಿನ ಹಿಂದೆ ನಿಲ್ಲಲೇ ಇಲ್ಲ. ಪ್ರತಿ ಮೆಷಿನ್ ಮುಂದೆ ಹೋಗಿ ಪ್ರಶ್ನೆ ಕೇಳಿದಳು. ಇದು ಯಾವ ಭಾಷಣದಿಂದಲೂ ಆಗುವುದಿಲ್ಲ.

ಎರಡನೆಯದನ್ನು ಮಕ್ಕಳನ್ನೇ ಕೇಳಿ ಆರಿಸಿ. ನಿಮ್ಮಲ್ಲಿ ಬೇಸಾಯದ ಮನೆಯವರು ಜಾಸ್ತಿ ಇದ್ದರೆ ಜಿಕೆವಿಕೆ. ಬಿಎಸ್ಸಿ ಕೃಷಿಗೆ ಸಿಇಟಿ ಮೂಲಕ ಸೀಟು ಸಿಗುತ್ತದೆ, ಕೃಷಿಕರ ಮಕ್ಕಳಿಗೆ ಬೇರೆ ಕೋಟಾ ಇದೆ, ಅದಕ್ಕೆ ಪ್ರಾಕ್ಟಿಕಲ್ ಪರೀಕ್ಷೆಯೂ ಇದೆ. ಇದನ್ನು ಅಲ್ಲಿನ ಸಿಬ್ಬಂದಿ ಬಾಯಿಂದಲೇ ಕೇಳಲಿ. ಕೃಷಿಮೇಳದ ದಿನ ಮಾತ್ರ ಹೋಗಬೇಡಿ. ಆ ಜನಜಂಗುಳಿಯಲ್ಲಿ ಕಾಲೇಜು ಕಾಣುವುದಿಲ್ಲ. ವಿಜ್ಞಾನದ ಹುಚ್ಚಿರುವ ಮಕ್ಕಳಿದ್ದರೆ ಟಾಟಾ ಇನ್‌ಸ್ಟಿಟ್ಯೂಟ್. ಅದು 1909ರಿಂದ ಇದ್ದರೂ ಪಿಯುಸಿ ಆದ ಮೇಲೆ ನೇರ ಸೇರುವ ನಾಲ್ಕು ವರ್ಷದ ಕೋರ್ಸ್ ಶುರುವಾಗಿದ್ದು 2011ರಲ್ಲಿ. ಅಲ್ಲಿಗಾದರೆ ವರ್ಷಕ್ಕೊಮ್ಮೆಯ ಓಪನ್ ಡೇ ದಿನವೇ ಹೋಗಿ, ಲ್ಯಾಬುಗಳನ್ನು ಎಲ್ಲರಿಗೂ ತೆರೆದಿಟ್ಟಿರುತ್ತಾರೆ. ಜನ ವಿಪರೀತ. ಹತ್ತು ಮಕ್ಕಳಿಗೆ ಒಬ್ಬರು ಶಿಕ್ಷಕರಿಲ್ಲದಿದ್ದರೆ ಆ ದಿನದ ಆಸೆ ಬಿಡಿ.

ಇನ್ನು ಎಲ್ಲಕ್ಕಿಂತ ಮುಖ್ಯವಾದ ಮಾತು. ಕಾಲೇಜಿಗೆ ಪತ್ರ ಬರೆಯುವಾಗ ಒಂದು ಸಾಲು ಸೇರಿಸಿ: ‘ಕನ್ನಡ ಮೀಡಿಯಂನಲ್ಲಿ ಓದಿ ಬಂದ ಇಬ್ಬರು ವಿದ್ಯಾರ್ಥಿಗಳು ನಮ್ಮ ಮಕ್ಕಳ ಜೊತೆ ಅರ್ಧ ಗಂಟೆ ಮಾತಾಡಲಿ.’ ಆ ಅರ್ಧ ಗಂಟೆ ನೀವು ಶಿಕ್ಷಕರು ಆಚೆ ಇರಿ. ಇಂಗ್ಲಿಷ್ ಪಾಠ ಅರ್ಥವಾಗದೆ ಮೊದಲ ಸೆಮಿಸ್ಟರ್ ಹೇಗೆ ಕಳೆದಿರಿ, ಹಾಸ್ಟೆಲ್ ಫೀ ಎಷ್ಟು, ಮೆಸ್ಸಲ್ಲಿ ಮುದ್ದೆ ಸಿಗತ್ತಾ, ಊರಿಗೆ ಎಷ್ಟು ದಿನಕ್ಕೊಮ್ಮೆ ಹೋಗ್ತೀರಿ. ಮಕ್ಕಳು ಕೇಳುವುದು ಇದನ್ನೇ. ನಮ್ಮ ಥರದವರೂ ಇಲ್ಲಿ ಓದ್ತಾರೆ ಅಂತ ಒಮ್ಮೆ ಕಣ್ಣಾರೆ ಕಂಡರೆ ಸಾಕು, ಅರ್ಧ ಭಯ ಹೋಗುತ್ತದೆ. ಇಷ್ಟು ಮಾಡಲು ಒಪ್ಪದ ಕಾಲೇಜಿಗೆ ಹೋಗಲೇಬೇಡಿ.

ಬೆಳಗ್ಗೆ ಬೇಗ ಹೊರಡಿ. ಇಳಿದ ತಕ್ಷಣ ಹೆಣ್ಣುಮಕ್ಕಳಿಗೆ ಶೌಚಾಲಯ ಎಲ್ಲಿ ಅಂತ ಮೊದಲೇ ಫೋನ್ ಮಾಡಿ ಕೇಳಿರಿ. ಮಧ್ಯಾಹ್ನ ಮೂರೂವರೆಗೆ ಬೆಂಗಳೂರು ಬಿಡಿ, ತಡವಾದರೆ ತುಮಕೂರು ರಸ್ತೆಯಲ್ಲೇ ಕತ್ತಲಾಗುತ್ತದೆ. ಲಾಲ್‌ಬಾಗ್ ಇನ್ನೊಂದು ಸಲಕ್ಕಿರಲಿ.

ಪ್ರಶ್ನೆ: ಒಂದು ಕನ್ಸಲ್ಟೆನ್ಸಿಯವರು ಬಸ್ಸು, ಊಟ ಎಲ್ಲ ಫ್ರೀ ಅಂತಿದ್ದಾರೆ. ಒಪ್ಪಿಕೊಳ್ಳಬಹುದಾ?

ಬೇಡವೇ ಬೇಡ. ಅವರಿಗೆ ಸೀಟಿಗೆ ಇಷ್ಟು ಅಂತ ಕಾಲೇಜಿನಿಂದ ಕಮಿಷನ್ ಬರುತ್ತದೆ. ಬಸ್ಸಿನಲ್ಲಿ ಒಂದು ಫಾರಂ ಹಂಚಿ ಅಪ್ಪ ಅಮ್ಮನ ಫೋನ್ ನಂಬರ್ ಬರೆಸಿಕೊಳ್ಳುತ್ತಾರೆ. ರಿಸಲ್ಟ್ ದಿನದಿಂದ ಆ ಮನೆಗಳಿಗೆ ನೆಮ್ಮದಿ ಇರುವುದಿಲ್ಲ. ಮಕ್ಕಳ ನಂಬರ್ ಕೊಡಿಸಿ ಊಟ ಪಡೆಯುವ ಶಾಲೆಗಳ ಮೇಲೆ ನನಗೆ ನಿಜಕ್ಕೂ ಸಿಟ್ಟಿದೆ.

ಪ್ರಶ್ನೆ: ಸುರತ್ಕಲ್‌ನ ಎಂಜಿನಿಯರಿಂಗ್ ಕಾಲೇಜು ಎನ್‌ಐಟಿಕೆ ನೋಡಲು ಹೋಗುತ್ತಿದ್ದೇವೆ. ಪಕ್ಕದಲ್ಲೇ ಬೀಚ್ ಇದೆಯಲ್ಲ, ಸ್ವಲ್ಪ ಹೊತ್ತು ನೀರಿಗೆ ಬಿಡಬಹುದೇ?

ಬಿಡಬೇಡಿ. 2024ರ ಡಿಸೆಂಬರ್‌ನಲ್ಲಿ ಮುರುಡೇಶ್ವರದಲ್ಲಿ ಮುಳಬಾಗಿಲು ಕಡೆಯ ವಸತಿ ಶಾಲೆಯ ನಾಲ್ವರು ಹೆಣ್ಣುಮಕ್ಕಳು ಪ್ರವಾಸಕ್ಕೆ ಹೋದವರು ನೀರುಪಾಲಾದರು. ಪಾದ ನೆನೆಸಿಕೊಳ್ಳಲೂ ಬಿಡಬೇಡಿ.

ಪ್ರಶ್ನೆ: ಕೇಂದ್ರ ಸರ್ಕಾರ ಕಾಲೇಜುಗಳಿಗೆ ಕೊಡುವ ಎನ್‌ಐಆರ್‌ಎಫ್ ರ‍್ಯಾಂಕ್ ನೋಡಿ ಕಾಲೇಜು ಆರಿಸಿದರೆ ಸಾಕಲ್ವಾ?

ಸಾಲದು. ಆ ರ‍್ಯಾಂಕು ಇಡೀ ಸಂಸ್ಥೆಯದು, ನಿಮ್ಮ ಮಗು ಸೇರುವ ಬ್ರಾಂಚಿನದ್ದಲ್ಲ.

ಪ್ರಶ್ನೆ: ಟೂರ್ ಹೋದಾಗಲೇ ಒಬ್ಬರು ಹತ್ತನೇ ಕ್ಲಾಸಿನ ನನ್ನ ಮಗಳಿಗೆ ಮೆಡಿಕಲ್ ಸೀಟು ಬುಕ್ ಮಾಡಿಕೊಡುತ್ತೇನೆ ಎಂದರು. ಈಗಲೇ ಅಡ್ವಾನ್ಸ್ ಕೊಡಲೇ?

ಒಂದು ರೂಪಾಯಿಯನ್ನೂ ಕೊಡಬೇಡಿ. ನೀಟ್ ಬರೆಯದೆ ಎಂಬಿಬಿಎಸ್ ಸೀಟು ಇಲ್ಲ, ಮ್ಯಾನೇಜ್‌ಮೆಂಟ್ ಕೋಟಾದಲ್ಲೂ ಇಲ್ಲ. ಹತ್ತನೇ ಕ್ಲಾಸಿನ ಹುಡುಗಿಗೆ ಸೀಟು ಬುಕ್ ಮಾಡುತ್ತೇನೆ ಎನ್ನುವವನು ಮೋಸಗಾರ. ಅವನ ಹೆಸರು, ನಂಬರ್ ಹಿಡಿದು ಪೊಲೀಸರಿಗೆ ದೂರು ಕೊಡಿ. ಜೊತೆಗೆ ಬಂದಿದ್ದ ಬೇರೆ ಪೋಷಕರಿಗೂ ಇವತ್ತೇ ತಿಳಿಸಿ.